ವಾಕ್ಯದ ಇನ್ನರ್ಧ

ಜನವರಿ 13, ಭಾನುವಾರ

ಹೀಟರು ಇವತ್ತೂ ಕೈಕೊಟ್ಟಿತು. ಮಕ್ಕಳು ಕೋಟು ಬಿಚ್ಚದೇ ಕೂತರು. ಬೀದಿಯ ಗಾಡಿಯಿಂದ ಎಳ್ಳು ಮೆತ್ತಿದ ಬಳೆ-ಬ್ರೆಡ್ಡು ತಂದಿದ್ದೆ, ಇನ್ನೂ ಬಿಸಿ ಇತ್ತು. ಪಾಠ ಶುರುವಾಗುವ ಮೊದಲೇ ಖಾಲಿ.

ಭಾನುವಾರದ ಕ್ಲಾಸಿಗೆ ಇದು ಮೂರನೇ ಚಳಿಗಾಲ. ಸಮುದಾಯ ಭವನದ ಎರಡನೇ ಮಹಡಿ. ಮೊದಲರ್ಧ ಧರ್ಮಗ್ರಂಥದ ಓದು. ಆಮೇಲೆ ತಮ್ಮನ್ನು ತಾವು ತಿದ್ದಿಕೊಳ್ಳುವ ಕೆಲಸ — ಒಂದು ಗುಣ ಹಿಡಿದು ಕೆಲವು ವಾರ ಅದರ ಬೆನ್ನು ಬೀಳುವುದು. ಹೋದ ಸಲ ಸಿಟ್ಟು. ಈ ಸಲ ನಾಲಿಗೆ.

"ಎದುರಿಗೆ ಇಲ್ಲದವರ ಬಗ್ಗೆ ಮಾತಾಡೋ ಹಾಗಿಲ್ಲ" ಅಂದೆ. "ಸುಳ್ಳು ಮಾತ್ರ ಅಲ್ಲ, ನಿಜವಾದ್ರೂ ಇಲ್ಲ. ಹೊಗಳೋದೂ ಬೇಡ."

"ಹೊಗಳೋದೂ ಬೇಡ್ವಾ ತಿಯಾ?" ಸೊಲೊನ್ ಕೇಳಿದ. ಈ ಮಕ್ಕಳಲ್ಲಿ ಇಬ್ಬರಿಗೆ ನಾನು ನಿಜವಾಗಿಯೂ ಚಿಕ್ಕಮ್ಮ, ಮಿಕ್ಕವರಿಗೆ ಬರೀ ಕರೆಯೋಕೆ ತಿಯಾ.

"ನೀನು ಒಬ್ಬರನ್ನ ಹೊಗಳಿದ್ರೆ ಪಕ್ಕದವನು 'ಆದರೆ...' ಅಂತಾನೆ."

"ಪಕ್ಕದವನು ಯಾಕೆ, ನಾನೇ ಅಂತೀನಿ. ಹಾಗಾದ್ರೆ ನಮ್ಮ ಗಣಿತದ ಮೇಷ್ಟ್ರ ಬಗ್ಗೆ ಏನು ಮಾತಾಡೋದು?"

"ಏನೂ ಇಲ್ಲ."

"ಮತ್ತೆ ನಾವು ಸ್ಕೂಲಿಗೆ ಹೋಗೋದಾದ್ರೂ ಯಾಕೆ?"

ಓದು ಎಂದಿನಂತೆ ಜೋಡಿಯಲ್ಲಿ. ಇಬ್ಬರು ಎದುರುಬದುರು. ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಒಪ್ಪಬಾರದು, ಎಲ್ಲಿ ಬರೆದಿದೆ ತೋರಿಸು ಅನ್ನಬೇಕು. ಲೂನಾಳನ್ನು ದಾರಿಯೋ ಜೊತೆ ಕೂರಿಸಿದೆ. ಅವಳು ಹಿಡಿದ ಪಟ್ಟು ಬಿಡುವವಳಲ್ಲ. ಅವನಿಗೆ ಬ್ಯಾಸ್ಕೆಟ್‌ಬಾಲ್ ಬಿಟ್ಟು ಲೋಕವಿಲ್ಲ. ಬೇಸಿಗೆಯಲ್ಲಿ ಬುಡಾಪೆಸ್ಟ್‌ನಲ್ಲಿ ಯಹೂದಿ ಕ್ರೀಡಾಕೂಟ, ಅದರ ತಂಡಕ್ಕೆ ಫೆಬ್ರವರಿ ಹತ್ತಕ್ಕೆ ಅಥೆನ್ಸ್‌ನಲ್ಲಿ ಆಯ್ಕೆ. ತಿಂಗಳಿಂದ ಅದೇ ಜಪ.

ಕೈಗೆ ಕೊಟ್ಟ ಹಾಳೆಯಲ್ಲಿ ನಮ್ಮ ಧರ್ಮಗ್ರಂಥ ತೋರಾದ ಒಂದು ಮಾತು — 'ನಿನ್ನ ಜನರ ನಡುವೆ ಚಾಡಿ ಹೇಳುತ್ತಾ ತಿರುಗಬೇಡ.' ಅಲ್ಲಿಗೇ ನಿಲ್ಲಿಸಿದ್ದೆ. ಆ ವಾಕ್ಯಕ್ಕೆ ಇನ್ನರ್ಧ ಇದೆ. ಯಾವಾಗ ಬಾಯಿ ಬಿಡಲೇಬೇಕು ಅನ್ನುವುದರ ಪಾಠ ಅದು. ಆಮೇಲೆ ಕೊಡುವುದು.

ಇಳಿಯುವಾಗ ಮೆಟ್ಟಿಲ ಬಳಿ ನಮ್ಮ ಧರ್ಮಗುರು ರಬ್ಬಿ ಬೆನ್ಸಿಯೋನ್ ಸಿಕ್ಕರು. ಹಾಳೆ ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದರು. "ವಾಕ್ಯ ಪೂರ್ತಿ ಇಲ್ಲವಲ್ಲ ಮಗಳೇ."

"ಮೊದಲ ದಿನವೇ ವಿನಾಯಿತಿ ಹೇಳಿಕೊಟ್ಟರೆ ಇವರು ಬರೀ ವಿನಾಯಿತಿ ಕಲೀತಾರೆ ರಬ್ಬಿ."

"ಅದೂ ಹೌದು" ಅಂದರು. ಒಪ್ಪಿದ ಮುಖ ಅಲ್ಲ.


ಜನವರಿ 16, ಬುಧವಾರ

ಸೊಲೊನ್ ತಾಯಿ ನನ್ನ ಅಂಗಡಿಗೆ ಬಂದಿದ್ದಳು, ಓದುವ ಕನ್ನಡಕಕ್ಕೆ. "ನನ್ನ ಮಗನಿಗೆ ಏನು ಮಾಡಿದ್ರಿ? ಅತ್ತೆ ವಿಷಯ ಬಾಯಿಗೆ ಬಂದ್ರೆ ಸಾಕು, ಚಮಚದಿಂದ ತಟ್ಟೆ ಬಡೀತಾನೆ. ರೆಫರಿ ಥರ!" ಹೇಳಿ, ಕನ್ನಡಕದ ಫ್ರೇಮು ಆರಿಸುತ್ತಾ ಅತ್ತೆಯ ವಿಷಯ ಪೂರ್ತಿ ಹೇಳಿ ಮುಗಿಸಿದಳು.

ಪೆಪೋಗೆ ಹೇಳಿದೆ. ಕಟ್ಟಿಕೊಂಡವನಾದರೂ ಒಮ್ಮೆಯಾದರೂ ಹೊಗಳಬಾರದೇ. "ಇಲ್ಲದವರ ಬಗ್ಗೆ ಮಾತಾಡಬಾರದು ಅಂದ್ರೆ ಈ ಊರಲ್ಲಿ ಕಾಫಿ ಅಂಗಡಿ ಎಲ್ಲಾ ಬಾಗಿಲು ಹಾಕಬೇಕು" ಅಂದ.

ಮಕ್ಕಳ ಫೋನ್ ಗ್ರೂಪು ಮೂರು ದಿನದಿಂದ ತಣ್ಣಗಿದೆ. ಬರೀ ಬೆಕ್ಕಿನ ಚಿತ್ರ. ಕೆಲಸ ಮಾಡುತ್ತಿದೆ.


ಜನವರಿ 20, ಭಾನುವಾರ

ಎಂಟೂ ಜನ. ಹೀಟರೂ ಸರಿ.

ಇವತ್ತಿನದು ನನಗೆ ಇಷ್ಟದ ಪಾಠ. ಒಬ್ಬ ನಿನಗೆ ಒಂದು ವಿಷಯ ಹೇಳಿದರೆ ಅದು ಅವನ ಸೊತ್ತು. 'ಹೋಗಿ ಹೇಳು' ಎಂದು ಅವನೇ ಅನ್ನುವವರೆಗೆ ನಿನ್ನ ಬಾಯಿಂದ ಹೊರಗೆ ಬರಬಾರದು.

"ಗುಟ್ಟು ಅಂತ ಹೇಳದೇ ಇದ್ರೂನಾ?" ಲೂನಾ.

"ಹೇಳದೇ ಇದ್ರೂ."

"ನಮ್ಮಜ್ಜಿ ಹೇಳೋದೂ ಅದೇ. ಮುಚ್ಚಿದ ಬಾಯಿಗೆ ನೊಣ ಹೋಗಲ್ಲ ಅಂತ."

"ನಿಮ್ಮಜ್ಜಿ ಬಾಯಿ ಮುಚ್ಚಿದ್ದನ್ನ ಯಾರು ನೋಡಿದಾರೆ?" ಅಂದ ದಾರಿಯೋ.

"ಎದುರಿಗಿಲ್ಲದವರು! ಎದುರಿಗಿಲ್ಲದವರು!" ಎಲ್ಲರೂ ಮೇಜು ಬಡಿದರು. ದಾರಿಯೋ ಎರಡೂ ಕೈ ಎತ್ತಿ ಶರಣಾದ.

ಆದರೂ ಅವನಿಗೆ ಇವತ್ತು ಓದಿನ ಮೇಲೆ ಮನಸ್ಸಿರಲಿಲ್ಲ. ಲೂನಾಳಿಗೇ ಓದಲು ಬಿಟ್ಟ. ಎಡಗಣ್ಣು ಉಜ್ಜುತ್ತಲೇ ಇದ್ದ. ಹುಬ್ಬಿನ ಕೆಳಗೆ ನೀಲಿಗಟ್ಟಿದ ಪೆಟ್ಟು. ಕೇಳಿದೆ. "ಪ್ರಾಕ್ಟೀಸಲ್ಲಿ ಒಬ್ಬನ ಮೊಣಕೈ ತಾಗಿತು ತಿಯಾ. ಏನಿಲ್ಲ." ನಿದ್ದೆ ಸಾಲದು ಅಂದುಕೊಂಡೆ. ವಾರವಿಡೀ ಟ್ಯೂಷನ್ನು, ಅದರ ಮೇಲೆ ಆಟ.

ಮುಗಿದ ಮೇಲೆ ಅವರಿಬ್ಬರೂ ಮೆಟ್ಟಿಲ ಮೇಲೆ ಕೂತು ಏನೋ ಮಾತಾಡುತ್ತಿದ್ದರು. ತಲೆಗೆ ತಲೆ ಹತ್ತಿರ. ನಾನು ಬಂದದ್ದು ನೋಡಿ ನಿಲ್ಲಿಸಿದರು. ಜೋಡಿ ಕೂಡಿಬಂತು ಎಂದು ಖುಷಿಯಾಯಿತು.


ಜನವರಿ 23, ಬುಧವಾರ

ಮಧ್ಯಾಹ್ನ ಅಂಗಡಿ ಮುಚ್ಚುವ ಹೊತ್ತಿಗೆ ಲೂನಾಳ ಮೆಸೇಜು. "ತಿಯಾ, ಅವರು 'ಹೋಗಿ ಹೇಳು' ಅಂದಿಲ್ಲ. ಆದರೆ ಹೇಳದೇ ಇದ್ದರೆ ಅವರಿಗೇ ಕಷ್ಟ ಆಗಬಹುದು. ಆಗ?"

ಎಂಥಾ ಪ್ರಶ್ನೆ! ಪಾಠದ ಮುಂದಿನ ಮೆಟ್ಟಿಲಿಗೆ ತಾನೇ ಹತ್ತಿ ಬಂದಿದ್ದಾಳೆ. ಇಂಥ ಒಂದು ಮಗು ಸಿಕ್ಕರೆ ಸಾಕು, ಮೂರು ಚಳಿಗಾಲ ಸಾರ್ಥಕ. "ಶಭಾಷ್! ಅದೇ ಮುಂದಿನ ಪಾಠ. ಅಲ್ಲಿಯವರೆಗೆ ತಡೆದುಕೋ" ಎಂದು ಬರೆದು ಒಂದು ನಗುಮುಖ ಹಾಕಿದೆ.

ನೋಡಿದ ಗುರುತು ಬಂತು. ಉತ್ತರ ಬರಲಿಲ್ಲ.

ಈ ಭಾನುವಾರ ಕ್ಲಾಸಿಲ್ಲ ಎಂಬುದು ಆಮೇಲೆ ನೆನಪಾಯಿತು. ಸ್ಮರಣೆಯ ದಿನ. ಇರಲಿ. ಇನ್ನೊಂದು ವಾರ ತಾನೇ.


ಜನವರಿ 27, ಭಾನುವಾರ

ಬಂದರಿನ ಹತ್ತಿರದ ಚೌಕ. ಉತ್ತರದ ಗಾಳಿ, ವಾರ್ದಾರಿ, ಮುಖಕ್ಕೆ ಚಾಕು ಹಾಕಿದ ಹಾಗೆ. ಯುದ್ಧಕಾಲದಲ್ಲಿ ನಾಜಿಗಳು ಈ ಊರಿಂದ ರೈಲು ಹತ್ತಿಸಿ ಸಾವಿನ ಶಿಬಿರಕ್ಕೆ ಕಳಿಸಿದ ಯಹೂದಿಗಳ ಹೆಸರುಗಳನ್ನು ಮಕ್ಕಳು ಸರದಿಯಲ್ಲಿ ಓದಿದರು. ದಾರಿಯೋ ಚೆನ್ನಾಗಿ ಓದಿದ, ಆತುರವಿಲ್ಲದೆ. ತನ್ನ ಮುತ್ತಜ್ಜನ ಹೆಸರು ಬಂದಾಗ ಒಂದು ಕ್ಷಣ ನಿಂತ. ಹೆಸರೂ ಅದೇ, ದಾರಿಯೋ.

ವೇದಿಕೆ ಇಳಿದು ಬರುವಾಗ ಎಡಗಡೆ ಇದ್ದ ಹೂಚಕ್ರದ ಸ್ಟ್ಯಾಂಡಿಗೆ ನೇರ ಹೋಗಿ ಬಡಿದ. ಅದು ಮಗುಚಿತು. ಮೇಯರ್ ಕಡೆಯವರು, ಕ್ಯಾಮೆರಾದವರು, ಎಲ್ಲರ ಎದುರು. ಸೊಲೊನ್ ಕಿಸಕ್ಕೆಂದ.

"ನೋಡ್ಕೊಂಡು ನಡೆಯೋ" ಅಂದೆ. ಸ್ವಲ್ಪ ಗಡುಸಾಗಿಯೇ.

"ಸಾರಿ ತಿಯಾ."

ಲೂನಾ ನನ್ನನ್ನೇ ನೋಡುತ್ತಿದ್ದಳು. "ಏನೇ?"

"ಏನಿಲ್ಲ. ಮುಂದಿನ ಭಾನುವಾರ ಕ್ಲಾಸ್ ಇದೆ ತಾನೇ?"

"ಇದೆ."

"ಖಂಡಿತಾ?"

"ಖಂಡಿತಾ ಕಣೇ. ಅಷ್ಟೇನು ಅರ್ಜೆಂಟು?" ಅಂದೆ. ಅವಳು ಶಾಲು ಎಳೆದುಕೊಂಡು ಹೋದಳು.


ಜನವರಿ 29, ಮಂಗಳವಾರ, ಸಂಜೆ

ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಅಂಗಡಿ ಮತ್ತೆ ತೆರೆದು ಸ್ವಲ್ಪ ಹೊತ್ತಾಗಿತ್ತು. ಲೂನಾ ಬಂದಳು. ಕನ್ನಡಕದ ಸ್ಕ್ರೂ ಸಡಿಲ ಅಂದಳು. ಸಡಿಲ ಇರಲಿಲ್ಲ. ಆದರೂ ಬಿಗಿ ಮಾಡುತ್ತಾ ಕೂತೆ.

"ತಿಯಾ, ಒಂದು ಕಣ್ಣಲ್ಲಿ ಕಪ್ಪು ಪರದೆ ಬಂದ ಹಾಗೆ ಕಾಣೋದು ಯಾಕೆ?"

"ಪರದೆ ಅಂದ್ರೆ?"

"ಮೊದಲು ಮಿಂಚು ಮಿಂಚು. ಆಮೇಲೆ ಮೂಲೆಯಿಂದ ಒಂದು ಪರದೆ. ದಿನಾ ಸ್ವಲ್ಪ ಸ್ವಲ್ಪ ಒಳಗೆ ಬರುತ್ತೆ."

ಸ್ಕ್ರೂಡ್ರೈವರ್ ಕೆಳಗಿಟ್ಟೆ. "ನಿನಗಾ?"

"ನನಗಲ್ಲ. ಒಬ್ಬರಿಗೆ."

"ಯಾರು ಆ ಒಬ್ಬರು? ಲೂನಾ, ಇದು ಆಟ ಅಲ್ಲ. ಕಣ್ಣಿನ ಒಳಗಿನ ಪದರ ಬಿಟ್ಟುಕೊಳ್ತಾ ಇದೆ. ನೆಂದ ಗೋಡೆಯಿಂದ ಬಣ್ಣದ ಕಾಗದ ಬಿಟ್ಟುಕೊಳ್ಳೋ ಹಾಗೆ. ನಡುಭಾಗದವರೆಗೆ ಬಿಟ್ಟರೆ ಮತ್ತೆ ಅಂಟಿಸಿದ್ರೂ ಮೊದಲಿನ ದೃಷ್ಟಿ ಬರೋದು ಕಷ್ಟ. ಯಾರು?"

ಅವಳ ಬಣ್ಣ ಇಳಿಯಿತು. "ಅವನು 'ಹೋಗಿ ಹೇಳು' ಅಂದಿಲ್ಲ."

ಅವನು. ಹುಬ್ಬಿನ ಪೆಟ್ಟು, ಉಜ್ಜುತ್ತಿದ್ದ ಕಣ್ಣು, ಎಡಕ್ಕಿದ್ದ ಹೂಚಕ್ರ. ಮೂವತ್ತು ವರ್ಷದಿಂದ ಜನರ ಕಣ್ಣು ನೋಡುವುದೇ ನನ್ನ ಕೆಲಸ. ಎದುರಿಗೇ ಇತ್ತು, ನೋಡಲಿಲ್ಲ.

"ದಾರಿಯೋ" ಅಂದೆ.

"ನಾನು ಹೇಳಲಿಲ್ಲ."

"ಹೂಂ ಅನ್ನು, ಸಾಕು."

"ತಲೆ ಆಡಿಸಿದ್ರೂ ಹೇಳಿದ ಹಾಗೇ ಅಂತ ನೀವೇ ಕಲಿಸಿದ್ದು."

"ಲೂನಾ! ಯಾವಾಗಿಂದ? ನಡುವೆ ಕಾಣುತ್ತಾ ಇಲ್ವಾ? ಅದು ನಿನಗೆ ಮಾತ್ರ ಗೊತ್ತಿರೋದು. ಇಂಥ ಹೊತ್ತಲ್ಲಿ ಹೇಳಲೇಬೇಕು. ಅದೂ ನಿಯಮವೇ."

"ಎಲ್ಲಿ ಬರೆದಿದೆ? ತೋರಿಸಿ." ಬ್ಯಾಗಿನಿಂದ ನಾನು ಕೊಟ್ಟಿದ್ದ ಹಾಳೆ ತೆಗೆದಳು. ಮಡಿಸಿ ಮಡಿಸಿ ಮೆತ್ತಗಾಗಿತ್ತು. "ಇಲ್ಲಿ ಇಲ್ಲ. ನಾನು ಎಷ್ಟು ಸಲ ನೋಡಿದೀನಿ. ಇಲ್ಲ."

ಧ್ವನಿಯಲ್ಲಿ ಹಟ ಇರಲಿಲ್ಲ. ಬೇಡಿಕೆ ಇತ್ತು. ತೋರಿಸಿದರೆ ಬದುಕಿದೆ ಅನ್ನುವ ಹಾಗೆ.

ಫೋನಿನಲ್ಲಿ ಆ ಅಧ್ಯಾಯ ತೆಗೆದು ಕೌಂಟರ್ ಮೇಲೆ ಇಟ್ಟೆ. ಅವಳು ಗಟ್ಟಿಯಾಗಿ ಓದಿದಳು, ಕ್ಲಾಸಿನಲ್ಲಿ ಓದುವ ಹಾಗೆಯೇ. "ನಿನ್ನ ಜನರ ನಡುವೆ ಚಾಡಿ ಹೇಳುತ್ತಾ ತಿರುಗಬೇಡ, ನಿನ್ನ ನೆರೆಯವನ ರಕ್ತ ಹರಿಯುವಾಗ ಸುಮ್ಮನೆ ನಿಂತಿರಬೇಡ."

ಮತ್ತೊಮ್ಮೆ ಓದಿದಳು, ಮನಸ್ಸಿನಲ್ಲಿ.

"ಇದು ಅಲ್ಲೇ ಇತ್ತಾ? ಇದೇ ವಾಕ್ಯದಲ್ಲಿ?"

"ಇತ್ತು."

"ಮತ್ತೆ ಯಾಕೆ ಕತ್ತರಿಸಿದ್ರಿ?"

ಫೋನು ನನ್ನ ಕಡೆಗೆ ತಿರುಗಿಸಿಕೊಂಡೆ.

"ನಾನು ಕೇಳಿದ್ದೆ ತಿಯಾ. ಬುಧವಾರ ಕೇಳಿದ್ದೆ. ನೀವು ನಗೋ ಮುಖ ಕಳಿಸಿದ್ರಿ."

ಆಮೇಲೆ ಎಲ್ಲಾ ಹೇಳಿದಳು. ಮೊಣಕೈ ತಾಗಿದ್ದು ಹದಿನೇಳಕ್ಕೆ. ಆಯ್ಕೆ ಮುಗಿಯುವವರೆಗೆ ಯಾರಿಗೂ ತಿಳಿಯಬಾರದು ಎಂದು ಮೆಟ್ಟಿಲ ಮೇಲೆ ಹೇಳಿದ್ದು. ಮೊದಲು ಕಿವಿಯ ಕಡೆಯ ಮೂಲೆ ಮಾತ್ರ. ನಿನ್ನೆಯಿಂದ ನಡುವೆಯೂ ಮಸುಕು — ಪಾಸ್ ಮಾಡಿದ ಚೆಂಡು ಮೂಗಿಗೆ ಬಡಿಯಿತಂತೆ.

ದಾರಿಯೋ ತಾಯಿ ಎರಿಕಾಗೆ ಫೋನ್ ಮಾಡಲು ಹೋದೆ. ಲೂನಾ ತಡೆದಳು. "ಮೊದಲು ನಾನು ಅವನಿಗೆ ಹೇಳ್ಬೇಕು. ಬೇರೆಯವರಿಂದ ಗೊತ್ತಾಗಬಾರದು."

ನನ್ನೆದುರೇ ಮಾಡಿದಳು. "ದಾರಿಯೋ, ತಿಯಾಗೆ ಹೇಳಿಬಿಟ್ಟೆ. ಎಲ್ಲಾ... ಹೂಂ... ಹೂಂ, ಬೈಯಿ... ಇನ್ನೂ ಇದೆಯಾ? ಬೈದಾಯ್ತಾ? ಈಗ ಚೆಂಡು ಕೆಳಗಿಟ್ಟು ಅಲ್ಲೇ ಬೆಂಚಿನ ಮೇಲೆ ಕೂತ್ಕೋ. ಓಡಬೇಡ. ನಿಮ್ಮಮ್ಮ ಬರ್ತಾರೆ."

ಆ ಕಡೆ ಕಟ್ ಆಯಿತು. ಫೋನು ಕಿವಿಗೇ ಹಿಡಿದು ನಿಂತಿದ್ದಳು.

ಎರಿಕಾಗೆ ಫೋನ್ ಮಾಡಿದೆ. ಅವಳು ಹತ್ತು ಪ್ರಶ್ನೆ ಕೇಳಲಿಲ್ಲ. ಒಂದು ಕೇಳಿದಳು — "ಯಾವ ಆಸ್ಪತ್ರೆ?"


ಜನವರಿ 30, ಬುಧವಾರ

ಬೆಳಿಗ್ಗೆಯೇ ಆಪರೇಷನ್ ಆಯಿತು. ನಡುಭಾಗ ಬಿಟ್ಟುಕೊಂಡಿತ್ತು. ಹೆಚ್ಚು ಹೊತ್ತಾಗಿಲ್ಲ, ಒಂದೆರಡು ದಿನ ಇರಬೇಕು ಅಂದರು ಡಾಕ್ಟರು. ಆ ಒಂದೆರಡು ದಿನವೇ ಲೆಕ್ಕ. ಭಾನುವಾರ ನಾನು ಗದರಿಸಿದಾಗ ನಡುಭಾಗ ಗಟ್ಟಿ ಇತ್ತು ಎಂದಾಯಿತು.

ಪದರ ಅಂಟಿಸಿ ಕಣ್ಣೊಳಗೆ ಅನಿಲದ ಗುಳ್ಳೆ ಬಿಟ್ಟಿದ್ದಾರೆ. ಗುಳ್ಳೆ ಮೇಲಕ್ಕೆ ಒತ್ತುತ್ತದೆ. ಅದು ಸರಿಯಾದ ಜಾಗ ಒತ್ತಬೇಕಾದರೆ ಹುಡುಗ ಮುಖ ಕೆಳಗೆ ಮಾಡಿಯೇ ಇರಬೇಕು. ಊಟ, ನಿದ್ದೆ, ಎಲ್ಲಾ. ಎಷ್ಟು ದೃಷ್ಟಿ ಉಳಿದಿದೆ ಎಂಬುದು ಗುಳ್ಳೆ ಕರಗಿದ ಮೇಲೆ. ವಾರಗಳು ಬೇಕು.

ಎರಿಕಾ ಕಾರಿಡಾರಿನಲ್ಲಿ ಗೋಡೆಗೆ ಒರಗಿದ್ದಳು. "ಇಷ್ಟು ದಿನ ನನ್ನ ಜೊತೆ ಊಟ ಮಾಡಿದಾನೆ. ಟೀವಿ ನೋಡಿದಾನೆ. ಯಾರಿಗೂ ಗೊತ್ತಿರಲಿಲ್ವಾ ರೇನಾ?"

"ಗೊತ್ತಾಗಬೇಕಿದ್ದದ್ದು ನನಗೆ. ಭಾನುವಾರ ನನ್ನೆದುರೇ ಹೋಗಿ ಬಡ್ಕೊಂಡ."

"ನನಗೆ? ನಾನು ಹೆತ್ತವಳು. ನಾನೂ ಅಲ್ಲೇ ನಿಂತಿದ್ದೆ." ಪರ್ಸಿನಿಂದ ಚಿಲ್ಲರೆ ತೆಗೆದು ನನ್ನ ಕೈಗಿಟ್ಟು, "ತಪ್ಪನ್ನೆಲ್ಲ ನೀನೊಬ್ಬಳೇ ಬಾಚ್ಕೋಬೇಡ. ಹೋಗು, ಒಂದು ಕಾಫಿ ತಾ. ಸಕ್ಕರೆ ಬೇಡ."

ಕಾಫಿ ತಂದುಕೊಟ್ಟೆ. ಅವಳಿಗೆ ಹಾಳೆಯ ವಿಷಯ ಹೇಳಿದೆ, ಪೂರ್ತಿ. ಕೇಳಿಸಿಕೊಂಡಳು. ಕಾಫಿ ಕುಡಿದಳು.


ಫೆಬ್ರವರಿ 3, ಭಾನುವಾರ

ಆರು ಜನ. ದಾರಿಯೋ ಇಲ್ಲ, ಲೂನಾ ಇಲ್ಲ. ರಬ್ಬಿ ಬೆನ್ಸಿಯೋನ್ ಬಂದು ಹಿಂದಿನ ಕುರ್ಚಿಯಲ್ಲಿ ಕೂತರು. ಅವರು ಕರೆಯದೇ ಬರುವುದು ಅಪರೂಪ.

ವಾಕ್ಯ ಪೂರ್ತಿ ಇರುವ ಹಾಳೆ ಹಂಚಿದೆ. "ಹಿಂದಿನದು ಅರ್ಧ. ನಾನು ಕತ್ತರಿಸಿದ್ದೆ. ಆ ಹಾಳೆ ವಾಪಸ್ ಕೊಡಿ" ಅಂದೆ. ಕೊಟ್ಟರು. ಯಾರೂ ಏನೂ ಕೇಳಲಿಲ್ಲ. ಈ ಊರಲ್ಲಿ ಯಾರಿಗೂ ಏನೂ ಹೇಳಬೇಕಾಗಿಲ್ಲ, ಆಗಲೇ ಗೊತ್ತಿರುತ್ತದೆ.

ಹೇಳಲೇಬೇಕಾದಾಗ ಹೇಗೆ ಹೇಳಬೇಕು ಎಂಬ ಪಾಠ. ನಿನಗೆ ಖಾತ್ರಿ ಇರಬೇಕು. ಮೊದಲು ಆ ಮನುಷ್ಯನಿಗೇ ಹೇಳಿ ನೋಡಬೇಕು. ಉಪ್ಪು ಖಾರ ಸೇರಿಸಬಾರದು. ಒಳಗೊಳಗೆ ಖುಷಿ ಇರಬಾರದು.

"ಅರ್ಧ ಖಾತ್ರಿ ಇದ್ರೆ?" ಸೊಲೊನ್ ಕೇಳಿದ. ತಮಾಷೆಗಲ್ಲ.

ನಾನು ಬಾಯಿ ತೆಗೆಯುವ ಮೊದಲೇ ರಬ್ಬಿ ಹಿಂದಿನಿಂದ ಅಂದರು. "ರಕ್ತದ ವಿಷಯವಾದರೆ ಅರ್ಧ ಸಾಕು. ಮರ್ಯಾದೆಯ ವಿಷಯವಾದರೆ ಪೂರ್ತಿ ಇದ್ದರೂ ಯೋಚಿಸು."

ಸೊಲೊನ್ ತಲೆ ತಗ್ಗಿಸಿದ. "ಹೂಚಕ್ರ ಬಿದ್ದಾಗ ನಾನು ನಕ್ಕೆ" ಅಂದ. ಯಾರೂ ಮೇಜು ಬಡಿಯಲಿಲ್ಲ.

ಹೊರಡುವಾಗ ಮೆಟ್ಟಿಲ ಬಳಿ ರಬ್ಬಿ ನನ್ನ ತೋಳು ಹಿಡಿದು ಇಳಿದರು. ಹೇಳಿದ್ದೆನಲ್ಲ ಅನ್ನುತ್ತಾರೆ ಎಂದು ಕಾದೆ. ಮೊಣಕಾಲು ನೋವಿನ ಬಗ್ಗೆ ಮಾತಾಡಿದರು. ಕೊನೆಯ ಮೆಟ್ಟಿಲಲ್ಲಿ, "ಆ ಹುಡುಗಿಯನ್ನ ಕರೆದುಕೊಂಡು ಬಾ" ಅಂದರು. ಅಷ್ಟೇ.


ಫೆಬ್ರವರಿ 6, ಬುಧವಾರ

ದಾರಿಯೋ ಮನೆಗೆ ಹೋಗಿದ್ದೆ. ಈರುಳ್ಳಿ ಸಿಪ್ಪೆಯಲ್ಲಿ ರಾತ್ರಿಯೆಲ್ಲ ಬೇಯಿಸಿದ ಕಂದು ಮೊಟ್ಟೆ ತೆಗೆದುಕೊಂಡು. ಅವನಿಗೆ ಇಷ್ಟ.

ಮೇಜಿನ ಅಂಚಿಗೆ ದಿಂಬು ಕಟ್ಟಿ, ಹಣೆ ಅದರ ಮೇಲೆ ಇಟ್ಟು, ಮುಖ ನೆಲಕ್ಕೆ ಮಾಡಿ ಕೂತಿದ್ದ. ಅವನ ಕೆಳಗೆ ರತ್ನಗಂಬಳಿಯ ಮೇಲೆ ಸೊಲೊನ್ ಅಂಗಾತ ಮಲಗಿ, ಪುಸ್ತಕ ಎದೆಯ ಮೇಲೆ ಇಟ್ಟುಕೊಂಡು ಓದುತ್ತಿದ್ದ. ಓದು ಜೋಡಿಯಲ್ಲೇ ಆಗಬೇಕು, ಎದುರುಬದುರೇ ಇರಬೇಕು ಎಂದು ಇವರೇ ಕಂಡುಹಿಡಿದ ಏರ್ಪಾಟು.

"ಜೊಲ್ಲು ಸುರಿಸಬೇಡ್ವೋ, ಪುಟ ಒದ್ದೆ ಆಗುತ್ತೆ."

"ನೀನು ಮುಖ ಪಕ್ಕಕ್ಕೆ ಮಾಡಿ ಓದು. ಬೆಳ್ಳುಳ್ಳಿ ವಾಸನೆ. ಡಾಕ್ಟರು ಕಣ್ಣಿಗೆ ಮಾತ್ರ ಆಪರೇಷನ್ ಮಾಡಿದ್ದು, ಮೂಗು ಚೆನ್ನಾಗೇ ಇದೆ."

ಮೊಟ್ಟೆ ಸುಲಿದು ಕೈಗಿಟ್ಟೆ. "ಥ್ಯಾಂಕ್ಸ್ ತಿಯಾ" ಅಂದ, ನೆಲಕ್ಕೆ. ಲೂನಾಳ ಹೆಸರು ಎತ್ತಿದೆ. ಮೊಟ್ಟೆ ಅಗಿಯುತ್ತಲೇ ಇದ್ದ, ತುಂಬ ಹೊತ್ತು.


ಫೆಬ್ರವರಿ 10, ಭಾನುವಾರ

ಅಥೆನ್ಸ್‌ನಲ್ಲಿ ಇವತ್ತು ಆಯ್ಕೆ. ಇವತ್ತು ಮನೆಗೆ ಯಾರೂ ಬರಬೇಡಿ ಎಂದು ದಾರಿಯೋ ಹೇಳಿ ಕಳಿಸಿದ್ದ. ಯಾರೂ ಹೋಗಲಿಲ್ಲ.

ಲೂನಾ ಇವತ್ತೂ ಇಲ್ಲ. ಅಜ್ಜಿ ಫೋನ್ ಮಾಡಿದ್ದರು. "ನನ್ನ ಹೆಸರಿಟ್ಟುಕೊಂಡು ಹುಟ್ಟಿದ ಹುಡುಗಿ ಮನೇಲಿ ಬಾಯೇ ಬಿಡ್ತಾ ಇಲ್ಲ. ಇದೆಂಥಾ ಪಾಠ ರೇನಾ?" ಎಂದರು. ಸರಿಯಾದ ಪ್ರಶ್ನೆ.


ಫೆಬ್ರವರಿ 12, ಮಂಗಳವಾರ

ಲೂನಾ ತಾನಾಗಿ ಬಂದಳು, ಅಂಗಡಿಗೆ. "ನೀವು ಅವನ ಮನೆಗೆ ಹೋಗೋವಾಗ ನಾನೂ ಬರ್ತೀನಿ. ಒಬ್ಬಳೇ ಹೋದ್ರೆ ಬಾಗಿಲಿಂದಲೇ ವಾಪಸ್ ಓಡಿ ಬರ್ತೀನಿ." ಅಂಗಡಿ ಪೆಪೋಗೆ ಬಿಟ್ಟು ಹೊರಟೆ.

ದಾರಿಯೋಗೆ ಕಾಣುವುದು ನೆಲ ಮಾತ್ರ. ಬಂದವರನ್ನು ಬೂಟಿನಿಂದ ಗುರುತಿಸುತ್ತಾನೆ.

"ತಿಯಾ, ನಿಮ್ಮ ಬೂಟಿಗೆ ಪಾಲಿಶ್ ಬೇಕು." ಆಮೇಲೆ, "ಹಳದಿ ಬೂಟು. ಅದನ್ನ ಯಾಕೆ ಕರ್ಕೊಂಡು ಬಂದ್ರಿ?"

"ನಾನೇ ಬಂದೆ" ಅಂದಳು ಲೂನಾ.

"ಹೋಗು."

"ಹೋಗಲ್ಲ."

"ಆಯ್ಕೆ ಮುಗೀತು. ಖುಷಿ ಆಯ್ತಾ?"

"ಇಲ್ಲ."

"ಇನ್ನೊಂದು ಸ್ವಲ್ಪ ದಿನ ಬಾಯಿ ಮುಚ್ಕೊಂಡಿದ್ರೆ ನಾನು ಆಡಿರ್ತಿದ್ದೆ."

"ಏನು ಆಡ್ತಿದ್ದೆ ಕಣೋ? ಚೆಂಡು ಮೂಗಿಗೆ ಬಡೀತು ಅಂತ ನೀನೇ ಹೇಳಿದೆ. ಸುಳ್ಳಾ?"

"ಗುಟ್ಟು ಅಂತಾನೂ ನಾನೇ ಹೇಳಿದ್ದೆ."

"ಹೇಳಿದ್ದೆ. ನಾನು ಒಪ್ಕೊಂಡಿದ್ದೆ. ಮುರಿದೆ." ಅವಳು ನೆಲದ ಮೇಲೆ ಕೂತಳು, ಅವನಿಗೆ ಮುಖ ಕಾಣುವ ಹಾಗೆ. "ಸಾರಿ ಕೇಳೋಕೇ ಬಂದಿದೀನಿ. ಆದ್ರೆ ಹೇಳಿದ್ದಕ್ಕೆ ಅಲ್ಲ. ತಡವಾಗಿ ಹೇಳಿದ್ದಕ್ಕೆ. ಮೊದಲ ದಿನವೇ ಹೇಳಬೇಕಿತ್ತು. ನೀನು ಎಷ್ಟೇ ಬೈದ್ರೂ."

ಅವಳು ತಡ ಮಾಡಿದ್ದಲ್ಲ, ತಡ ಮಾಡಿಸಿದ್ದು ನಾನು ಎಂದು ನಡುವೆ ಹೇಳಬೇಕೆನಿಸಿತು. ದಾರಿಯೋ ನನಗಿಂತ ಮೊದಲು ಮಾತಾಡಿದ.

"ನೀನು ಮೊದಲ ದಿನವೇ ಹೇಳಿದ್ರೆ ನಾನು ಇಲ್ಲ ಅಂತಿದ್ದೆ. ಏನೂ ಇಲ್ಲ, ಇವಳು ಸುಳ್ಳು ಹೇಳ್ತಾಳೆ ಅಂತಿದ್ದೆ. ಯೋಚನೆ ಮಾಡಿಟ್ಟಿದ್ದೆ ಕೂಡ."

"ಅಷ್ಟು ಕೆಟ್ಟವನಾ ನೀನು?"

"ಹೂಂ."

ಲೂನಾ ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟಿದಳು.

"ಪುಸ್ತಕ ತಂದಿದೀಯಾ?" ಅಂದ.

"ಇಲ್ಲ."

"ಮತ್ತೆ ಯಾಕೆ ಬಂದೆ, ಬೂಟು ತೋರಿಸೋಕಾ? ಕಪಾಟಲ್ಲಿ ನಂದಿದೆ ನೋಡು. ಸೊಲೊನ್ ಓದಿದ್ರೆ ನಿದ್ದೆ ಬರುತ್ತೆ. ಅವನು ಎಲ್ಲದಕ್ಕೂ ಒಪ್ತಾನೆ."

ನಾನು ಅಡುಗೆಮನೆಗೆ ಹೋದೆ. ಎರಿಕಾ ಬಟ್ಟಲು ಒರೆಸುತ್ತಾ ಬಾಗಿಲಿಗೆ ಕಿವಿ ಕೊಟ್ಟಿದ್ದಳು. ಒಳಗೆ ಜಗಳ ಶುರುವಾಗಿತ್ತು — ಎಲ್ಲಿ ಬರೆದಿದೆ, ತೋರಿಸು. "ದೇವರು ದೊಡ್ಡವನು" ಅಂದಳು ಎರಿಕಾ, ಮತ್ತೆ ಅದೇ ಬಟ್ಟಲನ್ನು ಒರೆಸಿದಳು.


ಮಾರ್ಚ್ 10, ಭಾನುವಾರ

ಬರೆದು ತಿಂಗಳಾಗುತ್ತಾ ಬಂತು. ಬರೆಯುವಂಥದ್ದೇನೂ ಆಗಲಿಲ್ಲ. ಕಾಯುವುದಷ್ಟೇ.

ಈಗ ತಲೆ ಎತ್ತಿ ನಡೆಯುತ್ತಾನೆ. ಗುಳ್ಳೆ ದಿನದಿಂದ ದಿನಕ್ಕೆ ಸಣ್ಣದಾಗುತ್ತಿದೆಯಂತೆ. ಮೊದಲು ಕಣ್ಣ ತುಂಬ ಇತ್ತು, ಆಮೇಲೆ ಅರ್ಧ, ಈಗ ಕೆಳಗೆ ಒಂದು ದ್ರಾಕ್ಷಿಯಷ್ಟು, ನಡೆದರೆ ತುಳುಕುತ್ತದೆ ಅಂದ. ಅದರ ಆಚೆ ಏನು ಕಾಣುತ್ತದೆ ಎಂದರೆ "ಏನೋ" ಅನ್ನುತ್ತಾನೆ. ಒತ್ತಾಯಿಸಲಿಲ್ಲ.

ಕ್ಲಾಸಿಗೆ ಎಂಟೂ ಜನ. ಗುಣ ಬದಲಾಯಿಸೋಣವೇ ಎಂದು ಕೇಳಿದೆ. ಇನ್ನೂ ಸ್ವಲ್ಪ ದಿನ ನಾಲಿಗೆಯೇ ಇರಲಿ ಅಂದರು.


ಮಾರ್ಚ್ 14, ಗುರುವಾರ, ಸಂಜೆ

ಈಗ ತಾನೇ ಹೋದ. ಮರೆಯುವ ಮೊದಲು ಬರೆಯುತ್ತಿದ್ದೇನೆ, ಕೌಂಟರಿನಲ್ಲೇ.

ನಾಳೆ ಆಸ್ಪತ್ರೆಯಲ್ಲಿ ಪರೀಕ್ಷೆ. "ನಿನ್ನೆ ಗುಳ್ಳೆ ಹೋಯ್ತು ತಿಯಾ. ನಾಳೆ ಅವರು ಅಮ್ಮನ ಎದುರು ಹೇಳೋ ಮೊದಲು ನನಗೇ ಗೊತ್ತಾಗ್ಬೇಕು." ಒಬ್ಬನೇ ಬಂದಿದ್ದ.

ಗೋಡೆಯ ಅಕ್ಷರದ ಪಟ ಅವನಿಗೆ ಚಿಕ್ಕಂದಿನಿಂದ ಬಾಯಿಪಾಠ. ತೆಗೆದು ಬೇರೆಯದು ಹಾಕಿದೆ. ಬಲಗಣ್ಣು ಮುಚ್ಚಿದೆ.

ಮೊದಲ ಸಾಲು ಓದಿದ. ಎರಡನೆಯದು ಓದಿದ. ಮೂರನೆಯದಕ್ಕೆ ನಿಧಾನ. "ಗೆರೆ ಎಲ್ಲಾ ಅಲೆ ಅಲೆ. ನೀರೊಳಗೆ ಇಟ್ಟ ಹಾಗೆ." ಆದರೂ ಓದಿದ. ನಾಲ್ಕರಲ್ಲಿ ಒಂದು ಅಕ್ಷರ ತಪ್ಪು. ಐದರಲ್ಲಿ ಎರಡು ಸರಿ, ಉಳಿದದ್ದು ಊಹೆ. ಆರಕ್ಕೆ ತಲೆ ಅಲ್ಲಾಡಿಸಿದ.

"ನಿಜ ಹೇಳಿ ತಿಯಾ."

"ಮೊದಲಿನಷ್ಟಿಲ್ಲ. ಇನ್ನೂ ಸ್ವಲ್ಪ ಸುಧಾರಿಸಬಹುದು. ಮೊದಲಿನಷ್ಟು ಆಗೋದು ನನಗೆ ಅನುಮಾನ. ಡಾಕ್ಟರನ್ನೂ ಕೇಳು. ಆದ್ರೆ ನಾಲ್ಕು ಸಾಲು ಅಂದ್ರೆ ಕಣ್ಣು ಬದುಕಿದೆ."

"ಆಟ?"

ಅದಕ್ಕೆ ಪಟ ಇಲ್ಲ. ಗಾಜು ಒರೆಸುವ ಬಟ್ಟೆ ಉಂಡೆ ಮಾಡಿ, ಹೇಳದೇ ಕೇಳದೇ, ಅವನ ಎಡಗಡೆಯಿಂದ ಎಸೆದೆ. ಬಲಗಣ್ಣು ಇನ್ನೂ ಮುಚ್ಚಿಯೇ ಇತ್ತು. ಕೈ ತಡವಾಗಿ ಎದ್ದಿತು. ಬೆರಳ ತುದಿಗೆ ತಾಗಿ ಹಾರಿತು. ಅದು ಬೀಳುವಷ್ಟರಲ್ಲಿ ಇನ್ನೊಂದು ಕೈ ಹಾಕಿ ಹಿಡಿದ.

ಇಬ್ಬರೂ ಆ ಬಟ್ಟೆಯನ್ನೇ ನೋಡಿದೆವು.

"ಇನ್ನೊಂದ್ಸಲ" ಅಂದ. ಎಸೆದೆ. ಬಿಟ್ಟ. "ಇನ್ನೊಂದು." ಹಿಡಿದ. ಎಷ್ಟು ಎಸೆದೆನೋ. ಒಬ್ಬ ಗಿರಾಕಿ ಬಾಗಿಲು ತೆರೆದು, ನೋಡಿ, ಹಾಗೇ ಮುಚ್ಚಿಕೊಂಡು ಹೋದ.

ಕೋಟು ಹಾಕಿಕೊಳ್ಳುತ್ತಾ ಅಂದ, "ಅಮ್ಮನಿಗೆ ನಾನೇ ಹೇಳ್ತೀನಿ. ಮನೆಗೆ ಹೋಗಿ, ಅವಳನ್ನ ಕೂರಿಸಿ. ದಾರೀಲಿ ಲೂನಾ ಮನೆ ಇದೆ, ಅಲ್ಲೊಂದು ನಿಮಿಷ." ಅವನ ಒಂದು ನಿಮಿಷ ನನಗೆ ಗೊತ್ತು. ಓಡಬೇಡ ಅಂದೆ. ಓಡಿದ. ಎಡಗಡೆಯ ಕಂಬ ತಪ್ಪಿಸಿಕೊಂಡೇ ಓಡಿದ.

ಫೋನು. ಎರಿಕಾ. ಅವನು ಇಲ್ಲಿಗೆ ಬಂದದ್ದು ಅವಳಿಗೆ ಹೇಗೋ ತಿಳಿದಿದೆ. ಹುಡುಗ ಇನ್ನೂ ಮನೆ ಮುಟ್ಟಿಲ್ಲ. ನಿಂತಿತು... ಮತ್ತೆ ಹೊಡೆದುಕೊಳ್ಳುತ್ತಿದೆ. ಎತ್ತದಿದ್ದರೆ ಕೆಟ್ಟದ್ದೇ ಅಂದುಕೊಳ್ಳುತ್ತಾಳೆ. ಎತ್ತಿದರೆ ನನ್ನ ಉಸಿರು ಕೇಳಿಯೇ ಅವಳಿಗೆ ಗೊತ್ತಾಗಿಬಿಡುತ್ತದೆ, ಅವನು ಹೇಳುವ ಮೊದಲೇ —